ಅಪ್‌ಡೇಟ್: ಚಳಿಗಾಲದಾಗ ಗೋಬರ್ ಗ್ಯಾಸ್ ಕಡಿಮೆ ಆಗೋದು – ಬಿಸಿನೀರೋ, ಹೊದಿಕೆಯೋ?

ಮುಧೋಳ ಕಡೆಯ 2 ಘನ ಮೀಟರಿನ ದೀನಬಂಧು ಸ್ಥಾವರದಾಗ (ನೆಲದೊಳಗ ಕಟ್ಟಿದ, ಗುಮ್ಮಟದ ಗೋಬರ್ ಗ್ಯಾಸ್ ತೊಟ್ಟಿ) ಚಳಿಯೊಳಗ ಅನಿಲ ಕಡಿಮೆ ಆಗ್ತದ, ಸಗಣಿ ಕಲಸಲು ಬಿಸಿನೀರು ಹಾಕಬೇಕೋ, ಗುಮ್ಮಟಕ್ಕ ಹೊದಿಕೆ ಹೊದಿಸಬೇಕೋ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣು. ಲೆಕ್ಕ ಹೀಗೆ ಬಂತು.

ದಿನಕ್ಕೆ 50 ಕೆಜಿ ಸಗಣಿ, 50 ಲೀಟರ್ ನೀರು. ಕೆಜಿಗೆ ಸುಮಾರು 40 ಲೀಟರ್ ಅನಿಲ ಹಿಡಿದರೆ 2 ಘನ ಮೀಟರ್, ಅಂದರೆ ಅಂದಾಜು 40 ಮೆಗಾಜೂಲ್ ಶಾಖ. 50 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು 6.3 ಮೆಗಾಜೂಲ್ ಬೇಕು. ಒಲೆಯ ದಕ್ಷತೆ 55% ಇದ್ದರೆ 11 ದಾಟುತ್ತದೆ, ಉತ್ಪಾದನೆಯ ಕಾಲು ಭಾಗ ಅಲ್ಲೇ ಹೋಯ್ತು! ಅದೇ ಅನಿಲದಿಂದ ನೀರು ಕಾಯಿಸೋದು ಲಾಭವಿಲ್ಲದ ಕೆಲಸ. ಕಪ್ಪು ಬಳಿದ ಡ್ರಮ್ಮನ್ನು ಬಿಸಿಲಿಗಿಟ್ಟು ಮಧ್ಯಾಹ್ನ ಕಲಸಿ ಹಾಕೋದು ವಾಸಿ. 50 ಡಿಗ್ರಿ ಮುಟ್ಟದಿದ್ದರೂ ನಡೀತದ.

ಹೊದಿಕೆ ಮಾತ್ರ ಶಾಖ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ. ಆಳದ ಮಣ್ಣು ಚಳಿಗಾಲದಲ್ಲೂ ಗಾಳಿಗಿಂತ ಬೆಚ್ಚಗಿರುವುದರಿಂದ ಗುಮ್ಮಟದ ಮೇಲ್ಭಾಗ ಮತ್ತು ಸುತ್ತ ಒಂದು ಮೀಟರ್ ಮುಚ್ಚಿದರೆ ಸಾಕು. ಒಂದು ಅಡಿ ದಪ್ಪ ಒಣ ರವದಿ (ಕಬ್ಬಿನ ಒಣ ಎಲೆ), ಮೇಲೆ ಕಪ್ಪು ತಾಡಪತ್ರಿ. ರವದಿ ತೊಯ್ದರೆ ಕೆಲಸ ಕೆಟ್ಟಿತು: ನೀರು ಒಣ ಹುಲ್ಲಿಗಿಂತ ಸುಮಾರು ಹತ್ತು ಪಟ್ಟು ಶಾಖ ದಾಟಿಸುತ್ತದೆ. ವಾಲ್ವಿನ ಸುತ್ತ ಎರಡು ಅಡಿ ಖಾಲಿ ಬಿಡಿ, ರವದಿ ಬೇಗ ಬೆಂಕಿ ಹಿಡಿಯುತ್ತದೆ.

ಇದಕ್ಕೆಲ್ಲ ಮೊದಲು ಅನಿಲದ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಸೋರಿಕೆಯನ್ನು ಚಳಿಯ ತಲೆಗೆ ಕಟ್ಟಬೇಡಿ.