ಸಹಾಯ ಬೇಕು: ನರಕೋಶದ ವೋಲ್ಟೇಜ್ ಇಳಿಸುವುದು ಯಾರು?

ನಮಸ್ಕಾರ. ಮಗಳು ಪ್ರಥಮ ಪಿಯುಸಿ, ನಾನು ಓದಿದ್ದು ಕಾಮರ್ಸ್. ನಿನ್ನೆ ರಾತ್ರಿ ಹಳೇ ಕ್ಯಾಲೆಂಡರ್ ಹಿಂದೆ ಗ್ರಾಫ್ ಬರೆದುಕೊಂಡು ಇಬ್ಬರೂ ತಲೆ ಕೆರೆದುಕೊಂಡೆವು.

ಸುಮ್ಮನಿರುವ ನರಕೋಶದೊಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್. ಪ್ರಚೋದನೆ ಬಂದರೆ ಸೋಡಿಯಂ ಒಳನುಗ್ಗಿ ಪ್ಲಸ್ 30ರ ಹತ್ತಿರ ಏರುತ್ತದೆ, ಒಂದೆರಡು ಮಿಲಿಸೆಕೆಂಡಲ್ಲೇ ಇಳಿಯುತ್ತದೆ. ಇಷ್ಟು ಸರಿ. ಇಳಿಸುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್ (ಕೋಶದ ಪೊರೆಯಲ್ಲಿರುವ ಪ್ರೋಟೀನ್) ಅಂತ ಟ್ಯೂಷನ್ ನೋಟ್ಸಲ್ಲಿದೆ. ಆದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಅಂತ ಎಣಿಸಿ ಸಾಗಿಸುವ ಪಂಪ್‌ಗೆ ಅಷ್ಟು ವೇಗ ಎಲ್ಲಿಂದ ಬಂತು? 1952ರಲ್ಲಿ ವಿಜ್ಞಾನಿಗಳಾದ ಹಾಡ್ಜ್‌ಕಿನ್, ಹಕ್ಸ್‌ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ವಿವರಿಸಿದ ಪೊಟ್ಯಾಸಿಯಂ ಹೊರಹರಿವೇ ಕಾರಣ ಅಂತ ಇವಳ ವಾದ. ನನಗೂ ಅದೇ ಸರಿ ಅನ್ನಿಸುತ್ತಿದೆ.

ಹಾಗಾದರೆ ಪಂಪ್ ನಿಂತರೂ ನರ ಸ್ವಲ್ಪ ಹೊತ್ತು ಸಂದೇಶ ಕಳಿಸುತ್ತಾ? ಬಯಾಲಜಿ ಮೇಷ್ಟ್ರುಗಳು ಯಾರಾದರೂ ಬಿಡಿಸಿ ಹೇಳಿ, ಸೋಮವಾರ ಟೆಸ್ಟ್ ಇದೆ.