ಪದಚರ್ಚೆ: ‘ಕಬ್ಬನ್’ ಅನ್ನೋ ಮನೆಹೆಸರು ಎಲ್ಲಿಂದ ಬಂತು, ಈಗ ಎಷ್ಟು ಕಡೆ ಉಳಿದಿದೆ?

ಗೆಳೆಯರೇ,

ಬೆಂಗಳೂರಿನ ಪೇಟೆಗಳ ಹೆಸರಿನ ಮಾತು ಬಂದಾಗಲೆಲ್ಲ ಕಬ್ಬನ್‌ಪೇಟೆ ಹತ್ತಿರ ಬಂದು ಎಡವುತ್ತೇವೆ. ಅಕ್ಕಿಪೇಟೆಯಲ್ಲಿ ಅಕ್ಕಿ, ಅರಳೆಪೇಟೆಯಲ್ಲಿ ಅರಳೆ, ಬಳೇಪೇಟೆಯಲ್ಲಿ ಬಳೆ. ಹಾಗಾದರೆ ಕಬ್ಬನ್‌ಪೇಟೆಯಲ್ಲಿ ಕಬ್ಬು ಮಾರುತ್ತಿದ್ದಿರಬೇಕು, ಇಲ್ಲ ಕಬ್ಬಿಣ ಮಾರುತ್ತಿದ್ದಿರಬೇಕು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಇದನ್ನು ತಳ್ಳಿಹಾಕೋಕೆ ಇತಿಹಾಸದವರೆಗೂ ಹೋಗಬೇಕಿಲ್ಲ, ನಮ್ಮ ವ್ಯಾಕರಣವೇ ಸಾಕು. ಕಬ್ಬಿನ ಗದ್ದೆ ಅನ್ನುವ ನಾವು ಪೇಟೆಯನ್ನೂ ಕಬ್ಬಿನಪೇಟೆ ಅಂತಿದ್ದೆವು. ಕಬ್ಬಿಣ ಆಗಿದ್ದರೆ ಕಬ್ಬಿಣದಪೇಟೆ. ಕಾವ್ಯ ಅನ್ನೋ ಅರ್ಥದ ಹಳೆಯ ‘ಕಬ್ಬ’ವನ್ನು ಎಳೆದು ತಂದರೂ ‘ಕಬ್ಬದ’ ಅಂತಲೇ ಆಗಬೇಕು. ಕೊನೆಯಲ್ಲಿ ಬರೀ ‘ನ್’ ನಿಂತಿದೆ ಅಂದರೆ ಅದು ಹೊರಗಿನಿಂದ ಬಂದ ಹೆಸರು ಅಂತ ಲೆಕ್ಕ.

ಹೊರಗಿನದು ಸರಿ, ಆದರೆ ಎಲ್ಲಿಯದು? ‘ಇಂಗ್ಲಿಷ್ ಹೆಸರು’ ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಇರೋದು ಅಲ್ಲೇ. ಕಬ್ಬನ್ ಇಂಗ್ಲಿಷ್ ಹೆಸರೇ ಅಲ್ಲ. ಅದು ಮ್ಯಾನ್ ದ್ವೀಪದ ಹೆಸರು, ಅಲ್ಲಿನ ಮ್ಯಾಂಕ್ಸ್ ಭಾಷೆಯಲ್ಲಿ ಹುಟ್ಟಿದ್ದು.

ಇಂಗ್ಲೆಂಡ್, ಐರ್ಲೆಂಡ್‌ಗಳ ನಡುವಿನ ಸಮುದ್ರದಲ್ಲಿರುವ ಸಣ್ಣ ದ್ವೀಪ ಅದು. ವಿಸ್ತೀರ್ಣ 572 ಚದರ ಕಿಲೋಮೀಟರ್. ಬ್ರಿಟನ್ನಿನ ರಾಜಮನೆತನಕ್ಕೆ ಸೇರಿದ್ದೇ ಹೊರತು ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ. ಸ್ವಂತ ಶಾಸನಸಭೆ ಇದೆ, ಹೆಸರು ಟಿನ್ವಾಲ್ಡ್. ಮ್ಯಾಂಕ್ಸ್ ಅನ್ನೋದು ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್‌ಗಳ ತಂಗಿ, ಇಂಗ್ಲಿಷಿಗೆ ಅದು ತೀರಾ ದೂರದ ನೆಂಟ. ಪೇಟೆಗೆ ಹೆಸರು ಕೊಟ್ಟ ನಮ್ಮ ಮಾರ್ಕ್ ಕಬ್ಬನ್ ಹುಟ್ಟಿದ್ದು ಆ ದ್ವೀಪದಲ್ಲೇ, 1775ರಲ್ಲಿ. ಅಪ್ಪ ಅಲ್ಲಿನ ಮಾಹಲ್ಡ್ ಅನ್ನೋ ಊರಿನ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್, ಮೈಸೂರಿನ ಇತಿಹಾಸ ಬರೆದವರು. ಮೈಸೂರಿನ ಇತಿಹಾಸ ಓದಿದವರಿಗೆ ಆ ಹೆಸರು ಹೊಸದೇನಲ್ಲ. ಕಬ್ಬನ್ ಭಾರತಕ್ಕೆ ಬಂದದ್ದು ಈ ಮಾವನ ದಾರಿ ಹಿಡಿದೇ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಕೊನೆಗೆ ಊರಿಗೆ ಹೊರಟು, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಮಾಹಲ್ಡ್‌ನಲ್ಲೇ.

ಈಗ ಪದಕ್ಕೆ ಬರೋಣ. ಮ್ಯಾನ್ ದ್ವೀಪದ ಮನೆಹೆಸರುಗಳನ್ನು ಒಂದು ಕಡೆ ಇಟ್ಟು ನೋಡಿದರೆ ಒಂದು ವಿಚಿತ್ರ ತಕ್ಷಣ ಕಣ್ಣಿಗೆ ಬೀಳುತ್ತದೆ. ಕ್ವೇಲ್, ಕಾರ್ಲೆಟ್, ಕರ್ಮೋಡ್, ಕ್ಲೂಕಸ್, ಕ್ಯಾಲಿಸ್ಟರ್, ಕ್ವಿಲಿಯಮ್, ಕಾಸ್ಟೇನ್, ಕೆಲಿ, ಕಬ್ಬನ್. ಎಲ್ಲವೂ ಕಕಾರದಿಂದಲೇ ಶುರು! ಬರೆಯುವಾಗ ಇಂಗ್ಲಿಷಿನ ಸಿ, ಕೆ, ಕ್ಯೂ ಈ ಮೂರರಲ್ಲಿ ಯಾವುದಾದರೂ ಒಂದು ಬರಬಹುದು, ಸದ್ದು ಮಾತ್ರ ಒಂದೇ.

ಕಾರಣ ‘ಮ್ಯಾಕ್’. ಗೇಲಿಕ್ ಭಾಷೆಗಳಲ್ಲಿ ಮ್ಯಾಕ್ ಅಂದರೆ ಮಗ. ಸ್ಕಾಟ್ಲೆಂಡ್‌ನಲ್ಲಿ ಮ್ಯಾಕ್‌ಡೊನಾಲ್ಡ್, ಮ್ಯಾಕೆಂಜಿ ಅಂತ ಅದು ಇಡಿಯಾಗಿ ಉಳಿದಿದೆ. ಮ್ಯಾನ್ ದ್ವೀಪದಲ್ಲಿ ಹಾಗಾಗಲಿಲ್ಲ. 16ನೇ ಶತಮಾನದ ಆರಂಭದ ಭೂದಾಖಲೆಗಳಲ್ಲಿ ಹೆಚ್ಚಿನ ಹೆಸರುಗಳು ಮ್ಯಾಕ್‌ನಿಂದಲೇ ಶುರುವಾಗುತ್ತವೆ, ಮುಂದಿನ ನೂರು ವರ್ಷದಲ್ಲಿ ಆ ಮ್ಯಾಕ್ ಸವೆದು ಬಹುತೇಕ ಕಾಣೆಯಾಗುತ್ತದೆ. ಆದರೆ ಪೂರ್ತಿ ಹೋಗಲಿಲ್ಲ ನೋಡಿ. ಮುಂದಿನ ‘ಮ್ಯಾ’ ಉದುರಿತು, ಹಿಂದಿನ ‘ಕ್’ ಪಕ್ಕದ ಹೆಸರಿಗೆ ಅಂಟಿಕೊಂಡಿತು. ಮ್ಯಾಕ್ ಲೂಕಸ್ ಹೋಗಿ ಕ್ಲೂಕಸ್. ಮ್ಯಾಕ್ ಅಲಿಸ್ಟರ್ ಹೋಗಿ ಕ್ಯಾಲಿಸ್ಟರ್. ಮ್ಯಾಕ್ ವಿಲಿಯಮ್ ಹೋಗಿ ಕ್ವಿಲಿಯಮ್. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್‌ನ ‘ವಿಕ್ಟರಿ’ ಹಡಗಿನಲ್ಲಿದ್ದ ಜಾನ್ ಕ್ವಿಲಿಯಮ್ ಈ ಕಡೆಯವನೇ. ಕ್ವೇಲ್ ಅಂದರೆ ಪಾಲ್‌ನ ಮಗ. 1989ರಿಂದ 1993ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಮನೆಹೆಸರೂ ಇಲ್ಲಿಂದ ಹೋದದ್ದು. ಇನ್ನೂ ಮಜಾ ಅಂದರೆ ಕಾರ್ಲೆಟ್. ಅದರೊಳಗಿರುವುದು ನಾರ್ವೆ ಕಡೆಯ ಹೆಸರು. 1266ರವರೆಗೆ ದ್ವೀಪ ನಾರ್ವೆ ರಾಜರ ಕೈಕೆಳಗಿತ್ತಲ್ಲ, ಆ ಕಾಲದ ಹೆಸರಿಗೆ ಗೇಲಿಕ್‌ನ ಮ್ಯಾಕ್ ಸೇರಿಕೊಂಡು, ಆಮೇಲೆ ಸವೆದು, ಈ ರೂಪಕ್ಕೆ ಬಂದಿದೆ.

ಕಬ್ಬನ್ ಈ ಸಾಲಿನದೇ. ಒಪ್ಪಿಕೊಂಡು ಬಂದಿರುವ ವಿವರಣೆ ಹೀಗಿದೆ: ಅದು ಮೂಲದಲ್ಲಿ ಮ್ಯಾಕ್ ಗಿಬ್ಬನ್, ಅಂದರೆ ಗಿಬ್ಬನ್ ಅನ್ನುವವನ ಮಗ. ಮ್ಯಾಕ್‌ನ ಕಕಾರ ಗಿಬ್ಬನ್‌ನ ಗಕಾರವನ್ನು ನುಂಗಿತು, ‘ಮ್ಯಾ’ ಬಿದ್ದುಹೋಯಿತು, ಮುಂದಿನ ಇಕಾರ ಉಕಾರದ ಕಡೆ ವಾಲಿತು. ತುಟಿ ಕೂಡಿಸಿ ಹೇಳುವ ಬಕಾರ ಪಕ್ಕದಲ್ಲೇ ಇರುವಾಗ ಸ್ವರ ಆ ಕಡೆ ವಾಲುವುದು ನಮಗೇನು ಹೊಸದಲ್ಲ, ‘ಬಿಡು’ ಅನ್ನುವುದನ್ನು ‘ಬುಡು’ ಅನ್ನುವವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರಲ್ವಾ. ಸಮುದ್ರದ ಆ ಕಡೆ, ಸ್ಕಾಟ್ಲೆಂಡ್‌ನ ಗ್ಯಾಲೊವೇ ಸೀಮೆಯಲ್ಲಿ, ಇದೇ ಹೆಸರು ಮ್ಯಾಕ್ ಉಳಿಸಿಕೊಂಡೇ ‘ಮ್ಯಾಕಬಿನ್’ ಆಗಿದೆ. ಆಕಾಶ ತಿಳಿಯಾಗಿದ್ದರೆ ಒಂದು ದಡದಿಂದ ಇನ್ನೊಂದು ದಡ ಕಾಣುವಷ್ಟು ಹತ್ತಿರ. ಆಸ್ಟ್ರೇಲಿಯಾದ ಹೆಸರಾಂತ ಚಿತ್ರಕಾರ ಫ್ರೆಡರಿಕ್ ಮ್ಯಾಕಬಿನ್ ಅವರ ಮನೆಹೆಸರು ಇದೇ.

ಗಿಬ್ಬನ್‌ನ ಒಳಗೂ ಇಣುಕಿದರೆ ಇನ್ನೊಂದು ಕಥೆ. ಗಿಲ್ಬರ್ಟ್ ಅನ್ನೋ ಹೆಸರನ್ನು ಮೊಟಕು ಮಾಡಿ ಗಿಬ್ ಅಂದರು, ನಾವು ಮಂಜುನಾಥನನ್ನು ಮಂಜು ಅಂದ ಹಾಗೆ. ಅದಕ್ಕೆ ಫ್ರೆಂಚಿನವರು ಮುದ್ದಿಗೆ ಹಚ್ಚುವ ‘ಆನ್’ ಬಾಲ ಸೇರಿ ಗಿಬ್ಬನ್. ಮೇರಿಗೆ ಅದೇ ಬಾಲ ಸೇರಿದರೆ ಮ್ಯಾರಿಯನ್. ಗಿಲ್ಬರ್ಟ್ ಮೂಲದಲ್ಲಿ ಜರ್ಮನ್ ಬಳಗದ ಹೆಸರು, ಮೊದಲ ತುಂಡಿಗೆ ಒತ್ತೆ ಅನ್ನೋ ಅರ್ಥ, ಎರಡನೆಯದಕ್ಕೆ ಹೊಳೆಯುವ ಅನ್ನೋ ಅರ್ಥ. ಬ್ರಿಟನ್ನಿಗೆ ಅದನ್ನು ತಂದವರು ನಾರ್ಮನ್ನರು. ರೋಮಿನ ಪತನದ ಚರಿತ್ರೆ ಬರೆದ ಎಡ್ವರ್ಡ್ ಗಿಬ್ಬನ್‌ನ ಹೆಸರೂ, ಗಿಬ್ಸನ್, ಗಿಬ್ಸ್ ಹೆಸರುಗಳೂ ಇದೇ ಬೇರಿನವು. ಅಂದರೆ ನಮ್ಮ ಕಬ್ಬನ್‌ಗೆ ತಲೆ ಗೇಲಿಕ್‌ನದು, ಹೊಟ್ಟೆ ಜರ್ಮನ್‌ನದು, ಬಾಲ ಫ್ರೆಂಚಿನದು. ಇಂಗ್ಲಿಷಿಗೆ ಅದರಲ್ಲಿ ಸಿಕ್ಕ ಪಾಲು ಏನಪ್ಪಾ ಅಂದರೆ ಕಾಗುಣಿತ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಇದೇ ಉತ್ತರ ಬಂದು ಬೀಳುತ್ತದೆ ಅಂತ ನನಗೆ ಗೊತ್ತು. ಮ್ಯಾಕ್ ಅಂದರೂ ಮಗ, ನಮ್ಮ ‘ಮಗ’ ಅಂದರೂ ಮಗ, ಸದ್ದೂ ಹತ್ತಿರ ಹತ್ತಿರ, ಆದ್ದರಿಂದ ಎರಡೂ ಒಂದೇ ಅಂತ. ಅಲ್ಲ. ನಮ್ಮ ‘ಮಗ’ನಿಗೆ ತಮಿಳಿನ ‘ಮಗನ್’, ಮಲಯಾಳದ ‘ಮಗನ್’ ಒಡಹುಟ್ಟು. ಮ್ಯಾಕ್‌ನ ಹಳೆಯ ರೂಪ ಐರ್ಲೆಂಡಿನ ಓಗಮ್ ಅನ್ನೋ ಹಳೆಯ ಲಿಪಿಯ ಕಲ್ಲುಬರಹಗಳಲ್ಲಿ ಸಿಗುತ್ತದೆ, ಅಲ್ಲಿ ಅದು ‘ಮಕ್ವಿ’. ಆ ‘ಕ್ವ’ ಸದ್ದು ಗೇಲಿಕ್ ಕಡೆ ಹೋಗಿ ‘ಕ’ ಆಯಿತು, ವೇಲ್ಸ್ ಕಡೆ ಹೋಗಿ ‘ಪ’ ಆಯಿತು. ವೆಲ್ಷ್‌ನಲ್ಲಿ ಮಗ ಅನ್ನೋದಕ್ಕೆ ಹಳೆಯ ರೂಪ ‘ಮಾಪ್’, ಹೆಸರುಗಳ ನಡುವೆ ಅದು ‘ಆಪ್’. ಅಲ್ಲಿಯೂ ಇದೇ ಆಟ ನಡೆದಿದೆ ನೋಡಿ: ಆಪ್ ರಿಸ್ ಹೋಗಿ ಪ್ರೈಸ್, ಆಪ್ ಹವೆಲ್ ಹೋಗಿ ಪವೆಲ್, ಆಪ್ ಹ್ಯಾರಿ ಹೋಗಿ ಪ್ಯಾರಿ. ಪ್ರೈಸ್‌ನ ಮುಂದಿರುವ ಪಕಾರವೂ ಕ್ಲೂಕಸ್‌ನ ಮುಂದಿರುವ ಕಕಾರವೂ ಒಂದೇ ಪದದ ಚೂರುಗಳು! ಆಪ್ ಇಲ್ಲದೆ ಬರೀ ರಿಸ್ ಉಳಿದ ಕಡೆ ಅದು ಇಂಗ್ಲಿಷಿನಲ್ಲಿ ರೈಸ್ ಆಯಿತು. ನಮ್ಮ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಸಾಹೇಬರ ಮನೆಹೆಸರನ್ನು ಕೇಳಿ ಅನ್ನ ಅಂತ ನಗೋರು ಇದನ್ನು ಗಮನಿಸಲಿ.

ಉಚ್ಚಾರಣೆ ವಿಚಾರದಲ್ಲಿ ನಾವು ಚೆನ್ನಾಗಿಯೇ ಮಾಡಿದ್ದೇವೆ ಅನ್ಸುತ್ತೆ. ಬರೆಯುವಾಗ ಯು ಅಕ್ಷರ ಇದ್ದರೂ ‘ಕುಬ್ಬನ್’ ಅನ್ನದೆ ಕಿವಿಗೆ ಕೇಳಿದಂತೆ ಕಬ್ಬನ್ ಅಂದೆವು. ಅದು ಸರಿ. ಬ ಒತ್ತು ಮಾತ್ರ ನಾವೇ ಕೊಟ್ಟದ್ದು. ಇಂಗ್ಲಿಷಿನಲ್ಲಿ ಎರಡು ಬಿ ಬರೆಯೋದು ಹಿಂದಿನ ಸ್ವರ ಗಿಡ್ಡ ಅಂತ ತೋರಿಸೋಕೆ, ಒತ್ತಿ ಹೇಳೋಕೆ ಅಲ್ಲ. ನಮ್ಮಲ್ಲಿ ಹಬ್ಬ, ತಬ್ಬು, ಕಬ್ಬು ಅಂತ ರೂಢಿಯಿರುವ ನಾಲಿಗೆ, ಎರಡು ಬಿ ಕಂಡ ಮೇಲೆ ಸುಮ್ನೆ ಬಿಡುತ್ತದೆಯೇ.

ಇನ್ನು ಎರಡನೇ ಪ್ರಶ್ನೆ, ಈಗ ಈ ಮನೆಹೆಸರು ಎಷ್ಟು ಜನರಿಗಿದೆ ಅನ್ನೋದು. ಇಲ್ಲಿ ಒಂದು ಸಂಖ್ಯೆ ಎಸೆದು ಹೋಗುವುದು ಸುಲಭ, ಅಂಥ ಸಂಖ್ಯೆಗಳನ್ನು ಕೊಡುವ ಜಾಲತಾಣಗಳೂ ಇವೆ. ಆದರೆ ಎಲ್ಲಿ ನಿಂತು ಎಣಿಸುತ್ತೀರಿ ಅನ್ನೋದೇ ಇಲ್ಲಿ ಮುಖ್ಯ. ಲಂಡನ್ನಿನಲ್ಲಿ ಕಬ್ಬನ್ ಅಂದರೆ ಕಾಗುಣಿತ ಕೇಳುತ್ತಾರೆ. ದ್ವೀಪದ ರಾಜಧಾನಿ ಡಗ್ಲಸ್‌ನಲ್ಲಿ ಯಾರೂ ಕೇಳುವುದಿಲ್ಲ, ಅಲ್ಲಿ ಅದು ಮನೆಮಾತಿನ ಹೆಸರು. ದ್ವೀಪದ ಒಟ್ಟು ಜನಸಂಖ್ಯೆಯೇ 2021ರ ಗಣತಿಯಲ್ಲಿ 84,069. ಇನ್ನೂರು ವರ್ಷದ ಹಿಂದೆ, 1821ರಲ್ಲಿ, ಸುಮಾರು 40,000. ಅಷ್ಟು ಚಿಕ್ಕ ಕಣಜದಿಂದ ಹೊರಟ ಹೆಸರು ಜಗತ್ತಿನಲ್ಲಿ ಎಷ್ಟು ಹರಡೀತು ಹೇಳಿ. ಹರಡಿದ್ದೂ ಸಹ ದ್ವೀಪದವರು ವಲಸೆ ಹೋದ ಜಾಡು ಹಿಡಿದೇ: ಮೊದಲು ಎದುರು ದಡದ ಲಿವರ್‌ಪೂಲ್ ಮತ್ತು ಲ್ಯಾಂಕಶೈರ್, 1820ರ ದಶಕದಿಂದ ಅಮೆರಿಕದ ಓಹಾಯೋದ ಕ್ಲೀವ್‌ಲ್ಯಾಂಡ್, ಆಮೇಲೆ ಆಸ್ಟ್ರೇಲಿಯಾ.

ಎಣಿಸುವವರು ಎರಡು ಕಡೆ ಜಾರುತ್ತಾರೆ. ಒಂದು, ಇಂಗ್ಲೆಂಡ್ ಮತ್ತು ವೇಲ್ಸ್ ಪಟ್ಟಿ ನೋಡಿ ‘ಬ್ರಿಟನ್ನಿನಲ್ಲಿ ಇಷ್ಟು’ ಅನ್ನೋದು. ಮ್ಯಾನ್ ದ್ವೀಪ ತನ್ನ ಗಣತಿಯನ್ನು ತಾನೇ ಮಾಡಿಕೊಳ್ಳುತ್ತದೆ, ಹಾಗಾಗಿ ಹೆಸರಿನ ತವರೇ ಲೆಕ್ಕದಿಂದ ಬಿಟ್ಟುಹೋಗಬಹುದು. ಎರಡು, ಕಾಗುಣಿತ. ಕಬ್ಬನ್, ಕಬ್ಬಿನ್, ಕಬ್ಬಿನ್ಸ್, ಮ್ಯಾಕಬಿನ್ ಇವನ್ನೆಲ್ಲ ಬೇರೆ ಬೇರೆ ಮನೆತನ ಅನ್ನಬೇಕೋ, ಒಂದೇ ಹೆಸರು ಬರೆಯುವವರ ಕೈಯಲ್ಲಿ ನಾಲ್ಕಾಯಿತು ಅನ್ನಬೇಕೋ? ಇದನ್ನು ತೀರ್ಮಾನಿಸದೆ ಎಣಿಸಿದರೆ ಉಪಯೋಗವಿಲ್ಲ.

ಅಪರೂಪದ ಮನೆಹೆಸರುಗಳು ಯಾಕೆ ಕಾಣೆಯಾಗುತ್ತವೆ ಅನ್ನೋದಕ್ಕೆ ಗಣಿತವೂ ಇದೆ. 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಈ ಪ್ರಶ್ನೆ ಎತ್ತಿದ, ಹೆನ್ರಿ ವಾಟ್ಸನ್ ಅನ್ನೋ ಪಾದ್ರಿ ಲೆಕ್ಕ ಹಾಕಿ ಉತ್ತರ ಕೊಡಲು ಹೋದ. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಮುಂದುವರಿಯುವ ಪದ್ಧತಿಯಲ್ಲಿ, ಜನಸಂಖ್ಯೆ ಬೆಳೆಯುತ್ತಿದ್ದರೂ ಬಹಳಷ್ಟು ಹೆಸರುಗಳು ಬರೀ ಅದೃಷ್ಟದಾಟದಲ್ಲಿ ನಿಂತುಹೋಗುತ್ತವೆ. ಒಬ್ಬನಿಗೆ ಮಕ್ಕಳಿಲ್ಲ, ಇನ್ನೊಬ್ಬನಿಗೆ ಹೆಣ್ಣುಮಕ್ಕಳೇ, ಅಲ್ಲಿಗೆ ಆ ಕವಲು ಮುಗಿಯಿತು. ಮಾರ್ಕ್ ಕಬ್ಬನ್ ಕೂಡ ಮದುವೆಯಾಗಲಿಲ್ಲ.

ಆದರೂ ಅವರ ಹೆಸರು ಬೆಂಗಳೂರಿನಲ್ಲಿ ಉಳಿದಿದೆ. ಪಾರ್ಕು, ರಸ್ತೆ, ಪೇಟೆ, ಈಗ ಮೆಟ್ರೋ ನಿಲ್ದಾಣ. ಪಾರ್ಕಿಗಂತೂ ಮೊದಲಿದ್ದದ್ದು ಮೀಡ್ಸ್ ಪಾರ್ಕ್ ಅನ್ನೋ ಹೆಸರು. 1927ರಿಂದ ಅಧಿಕೃತವಾಗಿ ಅದು ಚಾಮರಾಜೇಂದ್ರ ಉದ್ಯಾನ, ಹಾಗಂತ ಯಾವ ಆಟೋದವರಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾರೆ ಹೇಳಿ. ಈ ಕಾರಣಕ್ಕೇ ಅಂತರ್ಜಾಲದಲ್ಲಿ ಕಬ್ಬನ್ ಅಂತ ಹುಡುಕಿದರೆ ಮನುಷ್ಯರಿಗಿಂತ ಮರಗಳೇ ಜಾಸ್ತಿ ಸಿಗುತ್ತವೆ. ಪದದ ಬಳಕೆ ಬೇರೆ, ಮನೆಹೆಸರಿನ ಬಳಕೆ ಬೇರೆ. ದ್ವೀಪದಲ್ಲಿ 84 ಸಾವಿರ ಜನ, ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 2011ರ ಗಣತಿಯಲ್ಲೇ 84 ಲಕ್ಷ. ಈ ಪದವನ್ನು ದಿನಾ ಬಾಯಲ್ಲಿ ಆಡುವವರು ತವರಿಗಿಂತ ಇಲ್ಲೇ ಹೆಚ್ಚು ಅಂತ ನಾನು ಪಂದ್ಯ ಕಟ್ಟಬಲ್ಲೆ. ಹುಟ್ಟಿಸಿದ ಭಾಷೆಯ ಗತಿಯಂತೂ ಹೇಳೋದು ಬೇಡ, ಮ್ಯಾಂಕ್ಸ್ ಅನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ಮುದುಕ ನೆಡ್ ಮ್ಯಾಡ್ರಲ್ 1974ರಲ್ಲಿ ತೀರಿಕೊಂಡ. ಈಚೆಗೆ ಮಕ್ಕಳಿಗೆ ಕಲಿಸುವ ಶಾಲೆ ಶುರುವಾಗಿ ಸ್ವಲ್ಪ ಚಿಗುರಿದೆ.

ಈಗ ನನ್ನ ಪ್ರಶ್ನೆ, ಪೇಟೆ ಕಡೆಯವರಿಗೆ. ಬೋರ್ಡಿನಲ್ಲಿ ಕಬ್ಬನ್‌ಪೇಟೆ ಅಂತ ಇದೆ, ಸರಿ. ಮಾತಾಡುವಾಗ ನಿಮ್ಮ ಮನೆಯ ಹಿರಿಯರು ಏನಂತಾರೆ? ಪಕಾರದ ಮುಂದೆ ನಕಾರ ನಿಲ್ಲೋದು ಕಷ್ಟ, ಅದು ಮಕಾರವಾಗಿ ‘ಕಬ್ಬಂಪೇಟೆ’ ಆಗಬೇಕು. ನಿಮ್ಮ ಕಿವಿಗೆ ಬಿದ್ದಿರೋದು ಯಾವುದು? ಹಾಗೇ, ‘ಕಬ್ಬನಪೇಟೆ’ ಅಂತ ನಡುವೆ ಅಕಾರ ಸೇರಿಸಿ, ಕನ್ನಡದ ಷಷ್ಠಿ ಅನ್ನೋ ಹಾಗೆ ಹೇಳುವವರು ಯಾರಾದರೂ ಇದ್ದರೆ ಅದನ್ನೂ ಬರೆಯಿರಿ, ಯಾವ ಬೀದಿ, ಸುಮಾರು ಎಷ್ಟು ವಯಸ್ಸಿನವರು ಅನ್ನೋದರ ಸಮೇತ.