ಇಸ್ಪೀಟ್ ಎಲೆಯಷ್ಟು ಪ್ರಕೃತಿ

“ಬಾಜಿ ಎಷ್ಟು?” ಎಂದು ಕೊಟ್ರೇಶಿ ಕೇಳಿದ.

ವೀಣಾ ಚೀಲದಿಂದ ತೆಗೆದು ಬೆಂಚಿನ ಮೇಲೆ ಹರಡುತ್ತಿದ್ದ ಕಾರ್ಡುಗಳು ಥೇಟ್ ಇಸ್ಪೀಟ್ ಎಲೆಯ ಗಾತ್ರದವು. ಹಾಗಾಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಂಡಕ್ಕಿ ಅಂಗಡಿಯ ಹುಡುಗ ಕೂಡ ಬಗ್ಗಿ ನೋಡಿ, ಪೊಲೀಸರೇನಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದ.

“ಬಾಜಿಯಲ್ಲ ಕೊಟ್ರೇಶಣ್ಣ, ಕಲೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಕೈಯಲ್ಲೇ ಮಾಡಬೇಕು. ಮಾರಬಾರದು. ಸ್ನೇಹಿತರಿಗೆ ಒಂದು ಕೊಡಬೇಕು, ಅವರಿಂದ ಒಂದು ತೆಗೆದುಕೊಳ್ಳಬೇಕು. ಹಿಂದೆ ಹೆಸರು, ದಿನಾಂಕ, ಸಹಿ ಇರಬೇಕು.”

“ಇಷ್ಟು ನಿಯಮ ನಮ್ಮ ಮೆಕ್ಕೆಜೋಳದ ವ್ಯಾಪಾರಕ್ಕೂ ಇಲ್ಲ.”

“ಎಲ್ಲಿಂದ ಬಂತಮ್ಮ ಈ ಪದ್ಧತಿ?” ಹಾಲಪ್ಪ ಮೇಷ್ಟ್ರು ಕನ್ನಡಕ ಏರಿಸಿದರು. ಯಾವುದೇ ವಿಷಯವಿರಲಿ, ಇಸವಿ ಗೊತ್ತಾಗದೆ ಅವರಿಗೆ ಮೆಣಸಿನಕಾಯಿ ಬಜ್ಜಿ ರುಚಿಸುವುದಿಲ್ಲ.

“ಸ್ವಿಟ್ಜರ್ಲೆಂಡಿನಿಂದ ಮೇಷ್ಟ್ರೇ. 1997ರಲ್ಲಿ ಜ್ಯೂರಿಕ್‌ನಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ ತಾನೇ ಮಾಡಿದ 1200 ಕಾರ್ಡುಗಳ ಪ್ರದರ್ಶನ ಇಟ್ಟ. ಬೇಕಾದವರು ತಾವೂ ಒಂದು ಮಾಡಿಕೊಂಡು ಬಂದು ಬದಲಾಯಿಸಿಕೊಳ್ಳಲಿ ಎಂದ. ಕೊನೆಯ ದಿನ ಜನ ಮಾಡಿಕೊಂಡು ಬಂದೇಬಿಟ್ಟರು.”

“1997!” ಮೇಷ್ಟ್ರಿಗೆ ಹುರುಪು ಬಂತು. “ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ, ಆಗಸ್ಟ್ 15ಕ್ಕೆ!”

“ಅಂದರೆ ಅವರು ಕಾರ್ಡು ಬದಲಾಯಿಸಿಕೊಳ್ಳುತ್ತಿದ್ದಾಗ ನಾವು ತಾಲ್ಲೂಕು ಬದಲಾಯಿಸಿಕೊಳ್ಳುತ್ತಿದ್ದೆವು” ಎಂದರು ಗಿರಿಜಕ್ಕ. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ, ಮೆಣಸಿನಕಾಯಿ ಬಿಸಿ ಇತ್ತು. “ಕಲ್ಲಿನ ಕೋಟೆಯನ್ನು ದುರ್ಗದವರಿಗೆ ಬಿಟ್ಟುಕೊಟ್ಟೆವು. ಶಿವಮೊಗ್ಗದಿಂದ ಚನ್ನಗಿರಿ ಬಂತು, ಅದರ ಜೊತೆ ಸೂಳೆಕೆರೆ ಬಂತು. ಕೋಟೆ ಹೋಗಿ ಕೆರೆ ಬಂತು. ಎರಡೂ ಕೈಯಲ್ಲಿ ಕಟ್ಟಿದವೇ. ಲೆಕ್ಕ ಸರಿಯಾಯಿತು.”

“ಹರಪನಹಳ್ಳಿ?” ಎಂದ ಕೊಟ್ರೇಶಿ. “ಬಳ್ಳಾರಿಯಿಂದ ಬಂದಿತ್ತು, 2018ರಲ್ಲಿ ಮತ್ತೆ ಅಲ್ಲಿಗೇ ಹೋಯಿತಲ್ಲ.”

“ಅದು ಇಷ್ಟವಾಗದೆ ವಾಪಸ್ ಕೇಳಿದ ಕಾರ್ಡು.”

ಗಿರಿಜಕ್ಕ ಕೈಯ ಎಣ್ಣೆಯನ್ನು ಪೇಪರಿಗೆ ಒರೆಸಿ ಒಂದು ಕಾರ್ಡನ್ನು ಅಂಚು ಹಿಡಿದು ಎತ್ತಿದರು. ವರ್ಷಗಟ್ಟಲೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಕೈ ಅದು. ಚಿತ್ರ ನೋಡುವ ಮೊದಲು ತನ್ನಷ್ಟಕ್ಕೆ ಹಿಂದೆ ತಿರುಗಿಸಿ ವಿಳಾಸ ಹುಡುಕಿತು. ವಿಳಾಸವಿರಲಿಲ್ಲ. ಆಮೇಲೆ ಮುಂದೆ ತಿರುಗಿಸಿದರು. ಹಿಮ ಹೊದ್ದ ಪೈನ್ ಕೊಂಬೆ, ಅದರ ಮೇಲೆ ಕೆಂಪು ಎದೆಯ ಪುಟ್ಟ ಹಕ್ಕಿ.

“ಇದು ಯಾರದು?”

“ನಿಟುವಳ್ಳಿಯ ನನ್ನ ಗೆಳತಿಯದು. ಈ ತಿಂಗಳ ವಿಷಯ, ನನ್ನ ಸುತ್ತಲಿನ ಪ್ರಕೃತಿ.”

“ನಿಟುವಳ್ಳಿಯಲ್ಲಿ ಹಿಮ ಬಿದ್ದದ್ದು ಯಾವಾಗ?”

ವೀಣಾ ಉತ್ತರಿಸಲಿಲ್ಲ. ಏಪ್ರಿಲ್ ತಿಂಗಳ ಸಂಜೆ ಆರು ಗಂಟೆಗೂ ಬೆಂಚು ಸುಡುತ್ತಿತ್ತು.

“ಈ ಹಕ್ಕಿ ಯುರೋಪಿನದು. ಕ್ರಿಸ್‌ಮಸ್ ಶುಭಾಶಯ ಪತ್ರಗಳ ಮೇಲೆ ವರ್ಷವೂ ನೋಡಿ ನೋಡಿ ಮುಖಪರಿಚಯವಾಗಿದೆ. ಮುಂದಿನದೇನು, ಲ್ಯಾವೆಂಡರ್ ಹೊಲ. ಆಮೇಲೆ ಮೇಪಲ್ ಎಲೆ. ಇದೇನು, ಕೆಂಪು ಕೊಡೆಗೆ ಬಿಳಿ ಚುಕ್ಕೆ ಇಟ್ಟ ಅಣಬೆ. ವಿದ್ಯಾನಗರದಲ್ಲಿ ಇಂಥ ಅಣಬೆ ಎದ್ದರೆ ಜನ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು, ನಮಗೆ ಗೊತ್ತಾಗದೆ ಇರುತ್ತಿತ್ತೇ? ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದೆ. ಗಂಡಿಗೆ ನಾಲ್ಕು ಕೊಂಬು. ಅದಕ್ಕಾಗಿಯೇ ಒಂದು ವನ್ಯಧಾಮ ಮಾಡಿದ್ದಾರೆ. ನಿಮ್ಮಲ್ಲಿ ಒಬ್ಬರಾದರೂ ಬರೆದಿರಾ? ನಾಲ್ಕು ಕೊಂಬು ಎರಡೂವರೆ ಇಂಚಿನಲ್ಲಿ ಹಿಡಿಸುವುದಿಲ್ಲವೋ?”

“ಅದು ನೋಡಲು ಸಿಗಬೇಕಲ್ಲ ಗಿರಿಜಕ್ಕಾ.”

“ಆ ಯುರೋಪಿನ ಹಕ್ಕಿ ಸಿಕ್ಕಿತ್ತೇ?”

ಮೇಷ್ಟ್ರು ವೀಣಾಳ ಸಹಾಯಕ್ಕೆ ಬಂದರು. ಅವರ ಸಹಾಯ ಯಾವಾಗಲೂ ಇರುವ ಕಷ್ಟವನ್ನು ಹೆಚ್ಚಿಸುತ್ತದೆ. “ನೋಡಿ ಬರೆಯುವುದು ಸುಲಭವಲ್ಲ ಗಿರಿಜಮ್ಮನವರೇ. ನಾನು ಕುಂದವಾಡ ಕೆರೆಯಲ್ಲಿ ಗುಳುಮುಳುಕನ ಫೋಟೊ ತೆಗೆಯಲು ಹೋದೆ. ನೀರಿನ ಮೇಲೆ ಕಂಡಿತು, ಮೊಬೈಲ್ ಎತ್ತಿದೆ, ಮುಳುಗಿತು. ಎಲ್ಲಿ ಮುಳುಗಿತೋ ಅಲ್ಲೇ ಕಾದೆ. ಅದು ಆಚೆ ದಡದ ಹತ್ತಿರ ಎದ್ದಿತು. ಅತ್ತ ತಿರುಗಿದೆ, ಮತ್ತೆ ಮುಳುಗಿತು. ಮನೆಗೆ ಬಂದು ನೋಡಿದರೆ ಎಲ್ಲ ಫೋಟೊಗಳಲ್ಲೂ ನೀರಿನ ಉಂಗುರ ಮಾತ್ರ ಇದೆ.”

“ಅದೇ ಒಳ್ಳೆಯ ಚಿತ್ರ ಮೇಷ್ಟ್ರೇ. ಈ ಕಾರ್ಡಿನ ಮೇಲೆ ಒಂದು ಉಂಗುರ ಬರೆದು ‘ಗುಳುಮುಳುಕ, ಈಗ ತಾನೇ ಇತ್ತು’ ಎಂದು ಕೊಡಿ. ಕಂಡದ್ದನ್ನು ಬರೆದಂತಾಯಿತು. ಕೆರೆಯ ದಂಡೆಯಲ್ಲಿ ಬೆಳಗ್ಗೆ ಎಷ್ಟು ಜನ ನಡೆಯುತ್ತಾರೆ! ಎಲ್ಲರ ಕಣ್ಣೂ ಕೈಗಡಿಯಾರದ ಮೇಲೆ. ಹತ್ತು ಸಾವಿರ ಹೆಜ್ಜೆಯಾಯಿತೇ ಎಂದು ಅದೇ ಹೇಳಬೇಕು. ಪಕ್ಕದಲ್ಲೇ ನಾಮದಕೋಳಿ ಹಣೆಗೆ ಬಿಳಿ ನಾಮ ಹಾಕಿಕೊಂಡು, ‘ನನ್ನನ್ನೂ ಸ್ವಲ್ಪ ನೋಡಿ’ ಎನ್ನುವ ಹಾಗೆ ತೇಲುತ್ತಿರುತ್ತದೆ.”

ಕೊಟ್ರೇಶಿಗೆ ಹಕ್ಕಿಗಿಂತ ವ್ಯವಹಾರ ಮುಖ್ಯ. “ಅದಿರಲಿ. ಒಂದು ಕಾರ್ಡಿಗೆ ಖರ್ಚೆಷ್ಟು ಬೀಳುತ್ತದೆ?”

“ಖರ್ಚಿನ ಪ್ರಶ್ನೆಯಲ್ಲ ಅಣ್ಣ. ಬಣ್ಣ ಬೇಕು, ದಪ್ಪ ಕಾಗದ ಬೇಕು. ಒಣಗಿಸಿದ ಹೂವು, ಎಲೆಯ ಪೊಟ್ಟಣ ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಇನ್ನೂರೈವತ್ತು ರೂಪಾಯಿ.”

“ಒಣಗಿದ ಎಲೆಗೆ?” ಕೊಟ್ರೇಶಿ ಬೆಂಚಿನ ಕೆಳಗೆ ನೋಡಿದ. ಅಂಗಡಿಯ ಮುಂದಿನ ಹೊಂಗೆಯಿಂದ ಉದುರಿದ ತಿಳಿ ನೇರಳೆ ಹೂವು ಅವನ ಚಪ್ಪಲಿ ಮುಚ್ಚುವಷ್ಟು ಬಿದ್ದಿತ್ತು. “ವೀಣಾ, ನಾನು ಮಂಡಿ ಮುಚ್ಚುತ್ತೇನೆ. ಈ ಮರದಡಿ ಒಂದು ತಕ್ಕಡಿ ಇಟ್ಟುಕೊಂಡು ಕೂರುತ್ತೇನೆ.”

ವೀಣಾಳಿಗೆ ನಿಜವಾಗಿ ನೋವಾಗಿದ್ದು ಬೇರೆ ವಿಷಯಕ್ಕೆ. ಅದು ಈಗ ಹೊರಬಂತು. ಕಳೆದ ತಿಂಗಳು ಅವಳು ವಾರವೆಲ್ಲ ಕೂತು ಒಂದು ಮಿಂಚುಳ್ಳಿ ಬರೆದಿದ್ದಳು. ಒಂದೇ ಕೂದಲಿನ ಕುಂಚದಲ್ಲಿ ಗರಿಗರಿಯನ್ನೂ ತಿದ್ದಿದ್ದಳು. ಬದಲಿಗೆ ಬಂದದ್ದು ಕಾರ್ಡಿಗೆ ಅಂಟಿಸಿದ ಒಂದು ಹೊಂಗೆ ಎಲೆ. “ಅದೂ ಗುಳ್ಳೆ ಎದ್ದ, ರೋಗದ ಎಲೆ! ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಸಲ ಅವಳಿಗೆ ಏನು ಕೊಡಬೇಕೋ ನನಗೆ ಗೊತ್ತು.”

“ಪುಸ್ತಕವೇ?” ಗಿರಿಜಕ್ಕನ ಕಣ್ಣು ಅರಳಿತು.

ಪುಸ್ತಕ ಹೊರಬಂತು. ಯಾರಿಗೆ ಏನು ಕೊಟ್ಟದ್ದು, ಯಾರಿಂದ ಏನು ಬಂದದ್ದು, ಎರಡು ಕಾಲಂ. ಬಾಕಿಗೆ ಕೆಂಪು ಶಾಯಿ.

“ಮುಯ್ಯಿ ಪುಸ್ತಕ!” ಎಂದರು ಗಿರಿಜಕ್ಕ. “ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ಕೂತು ‘ಬಾತಿಯ ಚನ್ನಬಸಪ್ಪ, ನೂರಾ ಒಂದು’ ಎಂದು ಬರೆದುಕೊಳ್ಳುತ್ತಿದ್ದರಲ್ಲ, ಅದೇ ಇದು. ಚನ್ನಬಸಪ್ಪನ ಮಗಳ ಮದುವೆಗೆ ನಾವು ನೂರಾ ಒಂದು ಓದಿಸಬೇಕು. ತೊಂಬತ್ತು ಕೊಟ್ಟರೆ ಸಂಬಂಧ ಹಳಸಿತು, ನೂರೈವತ್ತು ಕೊಟ್ಟರೆ ಹೊಸ ಸಾಲ ಹುಟ್ಟಿತು.”

“ನಮ್ಮ ತಂದೆಯ ಮುಯ್ಯಿ ಪುಸ್ತಕ ಇನ್ನೂ ಇದೆ” ಎಂದ ಕೊಟ್ರೇಶಿ. “ಅದರಲ್ಲಿ ಒಬ್ಬರು ಎರಡು ರೂಪಾಯಿ, ಒಂದು ಸ್ಟೀಲ್ ಲೋಟ. ಅವರ ಮನೆಯಲ್ಲಿ ಆಮೇಲೆ ಮದುವೆಯೇ ಆಗಲಿಲ್ಲ. ಲೋಟ ನಮ್ಮಲ್ಲೇ ಉಳಿದಿದೆ. ಆ ಮನೆಯ ಮುಂದೆ ಹೋಗುವಾಗ ನಾನು ಈಗಲೂ ಸ್ವಲ್ಪ ಬೇಗ ನಡೆಯುತ್ತೇನೆ.”

“ಆ ಎಲೆ ತಾ ಇಲ್ಲಿ” ಎಂದರು ಗಿರಿಜಕ್ಕ.

ವೀಣಾ ಬೇಡದ ಮನಸ್ಸಿನಿಂದ ಕೊಟ್ಟಳು. ಗಿರಿಜಕ್ಕ ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿದರು. ಎಲೆ ಚೆನ್ನಾಗಿ ಒಣಗಿತ್ತು, ಕಪ್ಪಾಗಿರಲಿಲ್ಲ. ದಿನವೂ ಪೇಪರ್ ಬದಲಾಯಿಸುತ್ತಾ ಪುಸ್ತಕದ ಭಾರದಡಿ ಇಟ್ಟಿದ್ದರೆ ಮಾತ್ರ ಹಾಗೆ ಉಳಿಯುತ್ತದೆ. ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಮೇಲ್ಮೈಯಲ್ಲಿ ಒತ್ತೊತ್ತಾಗಿ ಎದ್ದ ಗುಳ್ಳೆಗಳು ಚಪ್ಪಟೆಯಾಗಿದ್ದರೂ ಒಂದೊಂದರ ಅಂಚೂ ಕಾಣುತ್ತಿತ್ತು.

“ಇದು ಮನೆ ಕಣೇ ತಾಯಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಎಲೆಯನ್ನು ಕೆಣಕಿ, ಎಲೆಯ ಕೈಯಲ್ಲೇ ಕಟ್ಟಿಸಿಕೊಂಡ ಮನೆ. ಒಂದೊಂದು ಗುಳ್ಳೆಯೊಳಗೂ ಒಂದೊಂದು ಸಂಸಾರ. ನೀನು ಅವಳಿಗೆ ಒಂದೇ ಒಂದು ಮಿಂಚುಳ್ಳಿ ಕೊಟ್ಟೆ. ಅವಳು ನಿನಗೆ ಒಂದು ಇಡೀ ಬಡಾವಣೆ ಕೊಟ್ಟಿದ್ದಾಳೆ.”

“ಹಾಗಾದರೆ ಬಾಕಿ ವೀಣಾಳದ್ದೇ” ಎಂದ ಕೊಟ್ರೇಶಿ. “ಕೆಂಪು ಶಾಯಿ ಈ ಕಡೆಗೆ ಬರಲಿ.”

ವೀಣಾ ಎಲೆಯನ್ನು ವಾಪಸ್ ಇಸಿದುಕೊಂಡು ನೋಡಿದಳು. ಗುಳ್ಳೆ ಎಣಿಸುತ್ತಿದ್ದಳೋ ಏನೋ. ಸ್ವಲ್ಪ ಹೊತ್ತಿನ ಮೇಲೆ, “ಆದರೂ ನೀವು ಈ ಕಾರ್ಡುಗಳನ್ನು ಇಷ್ಟು ಹೀಗಳೆಯಬಾರದು ಗಿರಿಜಕ್ಕಾ. ಕೈಯಾರೆ ಮಾಡಿ ಒಬ್ಬರಿಗೆ ಕಳಿಸುವುದು ಈಗ ಯಾರಿಗೆ ಬೇಕಾಗಿದೆ? ನೀವು ಅಂಚೆಯಲ್ಲಿದ್ದವರು, ನೀವೇ ಹೇಳಿ” ಎಂದಳು.

ಗಿರಿಜಕ್ಕ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡರು, ಬಾಯಿಗೆ ಹಾಕಲಿಲ್ಲ.

“ಕಾರ್ಡು ಅಂದರೆ ನನಗೆ ಅಂಚೆ ಕಾರ್ಡೇ. 1879ರ ಜುಲೈ 1ಕ್ಕೆ ಕಾಲಾಣೆಗೆ ಶುರುವಾದದ್ದು. ಐವತ್ತು ಪೈಸೆಗೆ ಬಂದು ನಿಂತಿತು. ಐವತ್ತು ಪೈಸೆಯ ನಾಣ್ಯವನ್ನು ಅಂಗಡಿಯವರು ಮುಟ್ಟುವುದನ್ನು ಬಿಟ್ಟು ಕಾಲವಾಯಿತು. ಒಂದು ಕಾರ್ಡು ಕೇಳಿದರೆ ಚಿಲ್ಲರೆಗೆ ಇನ್ನೊಂದು ಕಾರ್ಡು ಕೊಡುತ್ತಿದ್ದೆ. ಎರಡನೆಯದನ್ನು ಯಾರಿಗೆ ಬರೆಯಲಿ ಎಂದು ಜನ ಕೌಂಟರಿನ ಮುಂದೆ ನಿಂತು ಯೋಚಿಸುತ್ತಿದ್ದರು.”

“ನೀವು ಓದುತ್ತಿದ್ದಿರೇ ಅಕ್ಕ?”

“ಮುಚ್ಚಿದ ಕಾಗದವಲ್ಲವಲ್ಲ. ಕಣ್ಣಿಗೆ ಬಿದ್ದರೆ ಏನು ಮಾಡಲಿ?” ಎಂದರು. ಆಮೇಲೆ, “ಓದುತ್ತಿದ್ದೆ” ಎಂದರು. “ಕ್ಷೇಮ ಸಮಾಚಾರ ಒಂದು ಸಾಲು. ಉಳಿದದ್ದೆಲ್ಲ ಪ್ರಕೃತಿಯೇ. ರೋಹಿಣಿ ಮಳೆ ಚೆನ್ನಾಗಿ ಆಯಿತು. ಎಮ್ಮೆ ಈದಿದೆ, ಹೆಣ್ಣು ಕರು. ಹಿತ್ತಲ ನುಗ್ಗೆಗೆ ಕಂಬಳಿಹುಳು ಬಿದ್ದಿದೆ. ನಾಲೆಗೆ ನೀರು ಬಿಟ್ಟಿದ್ದಾರೆ, ನೀನು ಬರುವುದಾದರೆ ನಾಟಿಗೆ ಮೊದಲು ಬಾ. ಯಾರೂ ಅದನ್ನು ಕಲೆ ಎನ್ನಲಿಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತ ಮಗ ಆ ನುಗ್ಗೆ ಗಿಡವನ್ನು ಕಂಡೇ ಕಾಣುತ್ತಿದ್ದ. ನಾನೂ ಕಾಣುತ್ತಿದ್ದೆ. ಯಾರದೋ ಮನೆಯ ಕಂಬಳಿಹುಳು ಹೋಯಿತೋ ಇಲ್ಲವೋ ಎಂದು ಮುಂದಿನ ಕಾರ್ಡಿಗೆ ಕಾಯುತ್ತಿದ್ದೆ.”

“ಹೋಯಿತೇ?” ಮೇಷ್ಟ್ರು ಕೇಳಿದರು.

“ಆ ಮನೆಯವರು ಫೋನ್ ಹಾಕಿಸಿಕೊಂಡರು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹುಡುಗ ಚಹಾ ತಂದಿಟ್ಟ, ಲೋಟ ಇಡುವಾಗ ಲ್ಯಾವೆಂಡರ್ ಹೊಲದ ಒಂದು ಮೂಲೆ ನೆನೆಯಿತು. ವೀಣಾ ಬೈಯಲಿಲ್ಲ.

ಆಗ ಕೊಟ್ರೇಶಿ ಮಂಡಿಯ ರಸೀದಿ ಪುಸ್ತಕ ತೆಗೆದ. ಬಿಲ್ ಕೊಡಲು ದುಡ್ಡು ಹುಡುಕುತ್ತಿದ್ದಾನೆ ಎಂದು ಎಲ್ಲರೂ ಅಂದುಕೊಂಡರು. ಅದು ಅವನ ಸ್ವಭಾವವಲ್ಲ, ಆದರೂ ಅಂದುಕೊಂಡರು. ಅವನು ಪುಟಗಳ ನಡುವಿನಿಂದ ತೆಗೆದದ್ದು ಒಂದು ಕಾರ್ಡು. ಮದುವೆ ಕರೆಯೋಲೆಯ ಹಿಂಬದಿಯನ್ನು ಅಳೆದು ಕತ್ತರಿಸಿದ್ದ. ಬಾಲ್‌ಪೆನ್ನಿನಲ್ಲಿ ಒಂದು ಮರ.

“ನೀನೂನಾ?” ಎಂದರು ಗಿರಿಜಕ್ಕ.

“ವೀಣಾ ಹೋದ ವಾರ ಅಳತೆ ಹೇಳಿದ್ದಳಲ್ಲ. ಮಂಡಿಯಲ್ಲಿ ವ್ಯಾಪಾರ ಇರಲಿಲ್ಲ. ನಮ್ಮ ಹುಣಸೆ ಮರ ಅಕ್ಕ. ರಸ್ತೆ ಅಗಲ ಮಾಡುವಾಗ ಹೋಯಿತಲ್ಲ, ಅದು.”

ಇದೇ ನಾಲ್ವರು, ಈ ಬೆಂಚು ಬರುವ ಮೊದಲು, ಎಷ್ಟೋ ವರ್ಷ ಆ ಮರದ ಬುಡದಲ್ಲಿ ಕೂತು ಇದೇ ಮಂಡಕ್ಕಿ ತಿಂದವರು. ಎಲ್ಲರೂ ಬಗ್ಗಿದರು.

“ಚೆನ್ನಾಗಿದೆ” ಎಂದರು ಮೇಷ್ಟ್ರು. “ಆದರೆ ದೊಡ್ಡ ಕೊಂಬೆ ರಸ್ತೆಯ ಕಡೆಗೆ ಇತ್ತು. ನೀನು ಗೋಡೆಯ ಕಡೆಗೆ ಬರೆದಿದ್ದೀಯ.”

“ಗೋಡೆಯ ಕಡೆಗೇ ಇತ್ತು ಮೇಷ್ಟ್ರೇ. ಅದಕ್ಕೇ ಅಲ್ಲವೇ ಸೈಕಲ್ ಅಂಗಡಿಯವನಿಗೂ ಮರಕ್ಕೂ ಜಗಳವಾದದ್ದು?”

“ಎರಡು ಕೊಂಬೆ ಇದ್ದವು” ಎಂದಳು ವೀಣಾ. “ಒಂದಕ್ಕೆ ಬಾವುಟ ಕಟ್ಟುತ್ತಿದ್ದರು.”

“ಬಾವುಟ ಕಟ್ಟುತ್ತಿದ್ದುದು ಕಂಬಕ್ಕೆ.”

“ಮರಕ್ಕೇ!”

ಎಲ್ಲರೂ ಗಿರಿಜಕ್ಕನ ಕಡೆ ನೋಡಿದರು. ಕಂಡದ್ದನ್ನು ಬರೆಯಬೇಕು ಎಂದು ಇಷ್ಟು ಹೊತ್ತು ಹೇಳಿದವರು ಅವರೇ. ಗಿರಿಜಕ್ಕ ಕಾರ್ಡನ್ನು ದೂರ ಹಿಡಿದರು, ಹತ್ತಿರ ಹಿಡಿದರು.

“ನಾನು ಯಾವಾಗಲೂ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ” ಎಂದರು.

ಕೊಟ್ರೇಶಿ ಪೆನ್ನು ತೆಗೆದು ರಸ್ತೆಯ ಕಡೆಗೂ ಒಂದು ಕೊಂಬೆ ಎಳೆದ. ವೀಣಾ ಹೇಳಿದ ಬಾವುಟ ಹಾಕಿದ, ಮೇಷ್ಟ್ರ ಸಮಾಧಾನಕ್ಕೆ ಪಕ್ಕದಲ್ಲಿ ಒಂದು ಕಂಬವನ್ನೂ ನಿಲ್ಲಿಸಿದ. ಮರ ಈಗ ನಾಲ್ಕೂ ಕಡೆ ಕೈಚಾಚಿ ಕಾರ್ಡಿನ ಅಂಚು ದಾಟುವಂತಿತ್ತು.

“ಇದನ್ನು ನನಗೆ ಕೊಡಿ ಅಣ್ಣ” ಎಂದಳು ವೀಣಾ. “ಬದಲಿಗೆ ಏನು ಬೇಕಾದರೂ ತೆಗೆದುಕೊಳ್ಳಿ.”

“ಕೊಡುವುದಿಲ್ಲ.”

“ನಿಯಮದ ಪ್ರಕಾರ, ಬದಲಾಯಿಸಿಕೊಳ್ಳದಿದ್ದರೆ ಅದು ಕಾರ್ಡೇ ಅಲ್ಲ.”

“ಅಲ್ಲದಿದ್ದರೆ ಬೇಡ” ಎಂದು ಕೊಟ್ರೇಶಿ ರಸೀದಿ ಪುಸ್ತಕ ಮುಚ್ಚಲು ಹೋದ.

“ತಾಳು” ಎಂದರು ಗಿರಿಜಕ್ಕ. “ಹಿಂದೆ ದಿನಾಂಕ ಹಾಕಿ ಸಹಿ ಮಾಡು. ನಾಳೆ ಯಾರಾದರೂ ಬಂದು ಇಂಥ ಮರ ಎಲ್ಲಿತ್ತು ಎಂದು ಕೇಳಿದರೆ ಮೊದಲು ನಿನ್ನನ್ನೇ ಹಿಡಿಯಲಿ.”